ಒಂದೇ ಲೋಟ, ಹಲವು ಸುಂಕ: ಫಿಲಿಪ್ಪೀನ್ಸಿನ ಪಾನಪದ್ಧತಿ

ಫಿಲಿಪ್ಪೀನ್ಸಿನ ವರ್ತಕರೊಡನೆ ವ್ಯವಹಾರ ಆರಂಭಿಸಬಯಸುವ ಸದಸ್ಯರು ಆ ನಾಡಿನ ಪಾನಕೂಟದ ರೀತಿನೀತಿಗಳನ್ನು ಅರಿತಿರುವುದು ಒಳ್ಳೆಯದು. ಅಲ್ಲಿ ‘ತಗಾಯ್’ ಎಂಬ ಹಳೆಯ ಪದ್ಧತಿಯುಂಟು. ಕುಳಿತವರು ಎಷ್ಟು ಮಂದಿಯೇ ಇರಲಿ, ಲೋಟ ಒಂದೇ. ‘ತಂಗೆರೊ’ ಎನಿಸಿಕೊಂಡವನು ಅಳೆದು ಸುರಿದು ಸರದಿಯಂತೆ ನೀಡುತ್ತಾನೆ. ಪಡೆದವನು ಬರಿದು ಮಾಡಿ ಹಿಂದಿರುಗಿಸಬೇಕು. ಮೊದಲ ಹನಿಗಳನ್ನು ಅಗೋಚರ ಶಕ್ತಿಗಳಿಗೆಂದು ನೆಲಕ್ಕೆ ಚೆಲ್ಲುವವರೂ ಇದ್ದಾರೆ. ನಂಚಿಕೊಳ್ಳಲು ‘ಪುಲುತಾನ್’ ಎಂಬ ತಿನಿಸು ಇರಲೇಬೇಕು. ಯಾರ ಪಾಲೂ ಏರುಪೇರಾಗದಂತೆ ನೋಡಿಕೊಳ್ಳುವ ಆ ತಂಗೆರೊನ ಬಗ್ಗೆ ಲೆಕ್ಕಪರಿಶೋಧಕನಾದ ನನಗೆ ವಿಶೇಷ ಗೌರವವಿದೆ!

ಲೋಟ ಒಂದೇ ಆದರೂ ಅದರೊಳಗಿನ ಪಾನೀಯವನ್ನು ನಿರ್ಧರಿಸುವುದರಲ್ಲಿ ಸರ್ಕಾರದ ಕೈ ಬಹುಕಾಲದಿಂದ ಇದೆ. ನಮ್ಮ ಕರಾವಳಿಯ ಕಳ್ಳಿನಂಥ ‘ತುಬಾ’, ಅದನ್ನು ಭಟ್ಟಿ ಇಳಿಸಿದ ‘ಲಂಬನೋಗ್’, ಕಬ್ಬಿನ ರಸದ ‘ಬಾಸಿ’, ಅಕ್ಕಿಯ ‘ತಪುಯ್’ ಇವೆಲ್ಲ ಮನೆಮನೆಯ ತಯಾರಿಕೆಗಳು. ಸ್ಪೇನಿನ ಆಡಳಿತವು ಬಾಸಿಯನ್ನು ತನ್ನ ಏಕಸ್ವಾಮ್ಯಕ್ಕೆ ಒಳಪಡಿಸಿ ಖಾಸಗಿ ತಯಾರಿಕೆಯನ್ನು ನಿರ್ಬಂಧಿಸಿದಾಗ, 1807ರಲ್ಲಿ ಇಲೋಕೋಸ್ ಪ್ರಾಂತದ ಜನ ಬಂಡೆದ್ದರು. ದಂಗೆಯನ್ನು ಅಡಗಿಸಲಾಯಿತು. ಎಸ್ತೆಬಾನ್ ವಿಲ್ಲಾನುಯೇವ ಎಂಬ ಚಿತ್ರಕಾರ 1821ರಲ್ಲಿ ಅದನ್ನು 14 ಚಿತ್ರಗಳಲ್ಲಿ ದಾಖಲಿಸಿದ್ದಾನೆ.

ಮನಿಲಾದಲ್ಲಿ 1890ರಲ್ಲಿ ಸ್ಥಾಪನೆಯಾದ ಸ್ಯಾನ್ ಮಿಗೆಲ್ ಬಿಯರ್ ಕಾರ್ಖಾನೆಯಿಂದ ಮೊದಲ್ಗೊಂಡು, ಅಗ್ಗದ ಜಿನ್, ರಮ್ ಮತ್ತು ಬ್ರಾಂದಿಗಳು ತಗಾಯ್ ಕೂಟಗಳನ್ನೂ ವಿಡಿಯೋಕೆ ಹಾಡಿನ ಸಂಜೆಗಳನ್ನೂ ಆಕ್ರಮಿಸಿವೆ. ಕಬ್ಬು, ತೆಂಗು ಮೊದಲಾದ ಸ್ಥಳೀಯ ಕಚ್ಚಾವಸ್ತುಗಳಿಂದಾದ ಮದ್ಯಕ್ಕೆ ಅಲ್ಪ ಸುಂಕ, ಉಳಿದವಕ್ಕೆ ಅದರ ಹತ್ತು ಪಟ್ಟಿಗೂ ಮೀರಿದ ಸುಂಕವಿದ್ದಿತು. ಇದು ಪಕ್ಷಪಾತವೆಂದು ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2011ರಲ್ಲಿ ತೀರ್ಪಿತ್ತಿತು. 2012ರ ಕಾಯಿದೆಯು ಕಚ್ಚಾವಸ್ತುವಿನ ಭೇದವನ್ನು ತೆಗೆದುಹಾಕಿತು. 2020ರಲ್ಲಿ ದರವು ಪ್ರೂಫ್ ಲೀಟರಿಗೆ 42 ಪೆಸೊ ಮತ್ತು ಬೆಲೆಯ ಮೇಲೆ ಶೇ. 22ಕ್ಕೆ ಏರಿತು.

ಸಮಾನ ದರ ನ್ಯಾಯವಾದದ್ದೇ. ಆದರೆ ಲೆಕ್ಕಪುಸ್ತಕದ ಹೊರಗೆ ಉಳಿದ ಸಣ್ಣ ತಯಾರಕನ ವಿಷಯ ಬೇರೆ. 2019ರ ಡಿಸೆಂಬರಿನಲ್ಲಿ ಲಗೂನಾ ಮತ್ತು ಕ್ವೆಜಾನ್ ಪ್ರಾಂತಗಳಲ್ಲಿ ಮೆಥನಾಲ್ ಬೆರೆತಿದ್ದ ಲಂಬನೋಗ್ ಕುಡಿದು ಕನಿಷ್ಠ 11 ಮಂದಿ ಅಸುನೀಗಿದರು. ಸುಮಾರು 300 ಮಂದಿ ಆಸ್ಪತ್ರೆ ಸೇರಿದರು. ಸುಂಕವೇ ಇದಕ್ಕೆ ಕಾರಣವೆನ್ನಲಾಗದು. ಆದರೂ ಕ್ರಿಸ್ಮಸ್ ಕೂಟದಲ್ಲಿ ಲೋಟ ಸರದಿಯಂತೆ ಸುತ್ತಿದಾಗ, ತಂಗೆರೊ ಅಳೆಯಬಲ್ಲದ್ದು ಪ್ರಮಾಣವನ್ನು ಮಾತ್ರ.