ಇದಕ್ಕ ಪ್ರಾರ್ಥನಿ ಹೆಂಗ ಮಾಡ್ಲಿ?

ನಮ್ಮ ಮನೆಯಲ್ಲಿ ಕಳೆದುಹೋಗಬಾರದ ಕಾಗದಗಳೆಲ್ಲ ಇರುವುದು ಅವ್ವನ ಬೈಬಲ್ಲಿನೊಳಗೆ. ನನ್ನ ಹಾಲ್‌ಟಿಕೆಟ್‌ಗಳು, ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದ ನಮ್ಮಂಥವರ ಆಸ್ತಿಯಾದ 371ಜೆ ಸರ್ಟಿಫಿಕೇಟು, ಅಪ್ಪನ ಹೊಲದ ಪಹಣಿ. ಕೀರ್ತನೆಗಳ ನಡುವೆ 371ಜೆ, ಮತ್ತಾಯನ ಸುವಾರ್ತೆಯಲ್ಲಿ ಪಹಣಿ. "ದಿನಾ ತೆಗಿಯೋ ಪುಸ್ತಕ, ಹುಳ ಹತ್ತಂಗಿಲ್ಲ" ಎನ್ನುವುದು ಅವ್ವನ ಲೆಕ್ಕ.

2024ರ ಬೇಸಿಗೆಯ ಒಂದು ಸಂಜೆ ಆ ಪಹಣಿ ಹೊರಗೆ ಬಂತು.

ನಮ್ಮದು ಯಲಬುರ್ಗಾ ತಾಲ್ಲೂಕಿನ ಹಳ್ಳಿ. ಮೂರು ಎಕರೆ ಎರೆ ಹೊಲ, ಪೂರ್ತಿ ಮಳೆ ನಂಬಿದ ಬೇಸಾಯ. ಹಿಂಗಾರಿಗೆ ಕಡ್ಲಿ, ಬಿಳಿಜೋಳ. ಊರಲ್ಲಿರುವ ಎರಡೇ ಕ್ರೈಸ್ತ ಮನೆಗಳಲ್ಲಿ ನಮ್ಮದೊಂದು. ನಾನು ಪದವಿ ಮುಗಿಸಿ ಕೊಪ್ಪಳದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೆ. ಓದುವ ಕೋಣೆಯಲ್ಲಿ ಕುಷ್ಟಗಿಯವರು, ಗಂಗಾವತಿಯವರು, ಕುಕನೂರಿನವರು ಎಲ್ಲರೂ ಇದ್ದೆವು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ನಾವು ಮಾತಾಡುತ್ತಿದ್ದದ್ದು ಎರಡೇ ವಿಷಯ. ಕಟ್‌ಆಫ್ ಎಷ್ಟು ನಿಲ್ಲುತ್ತದೆ, ಯಾರು ಎಷ್ಟು ಕೊಟ್ಟಿದ್ದಾರೆ.

ಎರಡನೆಯ ಮಾತು ಸುಮ್ಮನೆ ಬರುತ್ತಿರಲಿಲ್ಲ. 545 ಪಿಎಸ್‌ಐ ಹುದ್ದೆಗಳ ಕಥೆ ನಮಗೆಲ್ಲ ಬಾಯಿಪಾಠ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, 2022ರ ಏಪ್ರಿಲ್‌ನಲ್ಲಿ ಅಕ್ರಮದ ಕಾರಣಕ್ಕೆ ನೇಮಕಾತಿ ರದ್ದು, 2024ರ ಜನವರಿಯಲ್ಲಿ ಮರುಪರೀಕ್ಷೆ. ನಿದ್ದೆಗೆಟ್ಟು ಓದಿ ಬರೆದವರೂ ಅಷ್ಟು ಕಾಲ ಕಾದರು. ಅಂಥವರ ಪೈಕಿ ಇಬ್ಬರು ನಮ್ಮ ಓದುವ ಕೋಣೆಯಲ್ಲೇ ಇದ್ದರು.

ಇಷ್ಟೆಲ್ಲ ಗೊತ್ತಿದ್ದೂ, ಪರಿಚಯದವರ ಮೂಲಕ ಒಬ್ಬ ಮನುಷ್ಯ ನಮ್ಮ ಮನೆಗೆ ಬಂದಾಗ ನಾನೇ ಚಹಾ ಮಾಡಿ ಕೊಟ್ಟೆ. ಹನ್ನೆರಡು ಲಕ್ಷ ಎಂದ. ಮೊದಲು ಅರ್ಧ, ಲಿಸ್ಟ್ ಬಂದ ಮೇಲೆ ಅರ್ಧ. "ಪಿಎಸ್‌ಐ ಗದ್ದಲ ಆದಾಗಿಂದ ಎಲ್ಲಾರೂ ಹುಷಾರಾಗ್ಯಾರ, ಅದಕ್ಕ ರೇಟು ಏರೈತಿ" ಎಂದು ಬಟ್ಟೆ ಅಂಗಡಿಯವರು ಹೇಳುವಷ್ಟೇ ಸಲೀಸಾಗಿ ಹೇಳಿದ.

ಅಪ್ಪ ಎರಡು ಎಕರೆ ಮಾರುವುದೆಂದು ಆ ರಾತ್ರಿಯೇ ನಿರ್ಧರಿಸಿದ. "ಭೂಮಿ ಎಲ್ಲಿ ಹೋಗ್ತೈತಿ, ಮತ್ತ ತಗೊಂಡ್ರಾತು. ವಯಸ್ಸು ಹೋದ್ರ ತರಾಕ ಬರ್ತದೇನು?" ಎಂದ. ನನ್ನ ವಯಸ್ಸಿನ ಬಗ್ಗೆ ಅಪ್ಪ ಅಷ್ಟು ಯೋಚಿಸುತ್ತಿದ್ದಾನೆಂದು ಗೊತ್ತಾದದ್ದು ಅವತ್ತೇ. ನಾನು ಬೇಡ ಎನ್ನಲಿಲ್ಲ. ಇಲ್ಲಿ ನನ್ನನ್ನು ದೊಡ್ಡವಳನ್ನಾಗಿ ತೋರಿಸಿಕೊಳ್ಳುವ ಆಸೆಯಿಲ್ಲ. ನಾಲ್ಕು ದಿನ ನಾನು ಒಪ್ಪಿಕೊಂಡೇ ಇದ್ದೆ. ಮೊದಲ ಸಂಬಳದಲ್ಲಿ ಅವ್ವನಿಗೆ ಏನು ಕೊಡಿಸಬೇಕೆಂದೂ ಯೋಚಿಸಿದ್ದೆ.

ಐದನೆಯ ದಿನ ಬೆಳಿಗ್ಗೆ ಅವ್ವ ಬೈಬಲ್ ಮುಂದೆ ಇಟ್ಟುಕೊಂಡು, ತೆರೆಯದೆ ಕೂತಿದ್ದಳು. ಏನಾಯಿತೆಂದು ಕೇಳಿದೆ.

"ನಿನ್ನ ನೌಕರಿಗೆ ದಿನಾ ಬೇಡ್ಕೋತೀನಿ. ಇವತ್ತ ಏನಂತ ಬೇಡ್ಲಿ? ಅವನ ಕೈಗೆ ರೊಕ್ಕ ಸುಸೂತ್ರ ಮುಟ್ಲಿ ಅನ್ಲಾ? ಓದಿ ಬರದವರ ಹೆಸರು ತಗದು ನಿನ್ನ ಹೆಸರು ಹಾಕ್ಲಿ ಅನ್ಲಾ? ಇದಕ್ಕ ಪ್ರಾರ್ಥನಿ ಹೆಂಗ ಮಾಡ್ಲಿ, ನೀನ ಹೇಳು."

ನನಗೆ ಸಿಟ್ಟು ಬಂತು. ಅವ್ವನದು ಮೂರನೇ ಇಯತ್ತೆಯ ಓದು, ಜಗತ್ತು ಹೇಗೆ ನಡೆಯುತ್ತದೆಂದು ಇವಳಿಗೇನು ಗೊತ್ತು ಎಂದುಕೊಂಡೆ. ಎದ್ದು ಬಸ್ಸು ಹತ್ತಿ ಕುಕನೂರು, ಭಾನಾಪುರ ದಾಟಿ ಕೊಪ್ಪಳಕ್ಕೆ ಹೋದೆ. ಹೋದರೂ ಅವ್ವನ ಪ್ರಶ್ನೆ ಜೊತೆಗೇ ಬಂತು.

ಪರ್ವತ ಪ್ರಸಂಗದಲ್ಲಿ ಯೇಸು ಹಕ್ಕಿಗಳನ್ನು ತೋರಿಸಿ ಹೇಳುವ ಮಾತಿದೆ. ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ದೇವರು ಅವುಗಳನ್ನು ಸಾಕುತ್ತಾನೆ, ಹಾಗಿರುವಾಗ ನಾಳೆಯ ಚಿಂತೆ ಏಕೆ ಎಂಬ ಮಾತು. ಸಣ್ಣವಳಿದ್ದಾಗಿನಿಂದ ಆ ಭಾಗದ ಜೊತೆ ನನಗೊಂದು ಜಗಳವಿದೆ. ಬಿತ್ತದ ಹಕ್ಕಿಗೆ ದೇವರು ಊಟ ಹಾಕುವುದು ನಮ್ಮಪ್ಪನ ಜೋಳದ ತೆನೆಯಲ್ಲೇ! ಬಿತ್ತಿದ ಅಪ್ಪ ಕವಣೆ ಹಿಡಿದು ದಿನವಿಡೀ ಮಂಚಿಗೆಯ ಮೇಲೆ ನಿಲ್ಲಬೇಕು. ಹಾಗಿದ್ದಮೇಲೆ ದೇವರನ್ನು ನಂಬುವುದೆಂದರೆ ಏನು? ಕೈಕಟ್ಟಿ ಕೂರುವುದಾ? ನಂಬಿದರೆ ನೌಕರಿ ಕೊಡುತ್ತಾನೆಂಬ ಇನ್ನೊಂದು ಬಗೆಯ ಅಡ್ವಾನ್ಸಾ?

ಈ ಪ್ರಶ್ನೆಯನ್ನು ನಮ್ಮ ಸಭೆಯ ಅಯ್ಯನವರ ಮುಂದೆ ಇಟ್ಟಾಗ ಅವರು ಉತ್ತರ ಹೇಳಲಿಲ್ಲ. ಕಪಾಟಿನಿಂದ ಒಂದು ಹಳೆಯ ಪುಸ್ತಕ ತೆಗೆದು ಕೊಟ್ಟರು, ಪಂಡಿತಾ ರಮಾಬಾಯಿಯವರ ಜೀವನಚರಿತ್ರೆ. ರಮಾಬಾಯಿ ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ನೋಟ್ಸಿನಲ್ಲಿ ಅವರು ಒಂದು ಸಾಲು. ಶಾರದಾ ಸದನ, 1889, ಮುಂಬೈ. ಒಂದು ಅಂಕದ ಪ್ರಶ್ನೆ. ಆ ಒಂದು ಸಾಲಿನ ಹಿಂದೆ ನಮ್ಮ ನೆಲವೂ ನಮ್ಮ ಹೊಳೆಯೂ ಇವೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ ಹುಟ್ಟುವ ಜಾಗ ಅದು. ಅಲ್ಲಿಂದ ಹರಿದು ಬಂದ ನೀರೇ ಮುನಿರಾಬಾದಿನಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಗಂಗಾವತಿಯ ಗದ್ದೆಗೆ ಹೋಗುವುದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಟಿಕೊಂಡವರು. ಕೈಯಲ್ಲಿದ್ದದ್ದು ಕರಗಿದ ಮೇಲೆ ಇಡೀ ಕುಟುಂಬ ಪುರಾಣ ಹೇಳುತ್ತ ಊರೂರು ತಿರುಗಿತು. 1870ರ ದಶಕದ ಬರದಲ್ಲಿ ಒಡವೆ, ಪಾತ್ರೆ ಎಲ್ಲ ಮಾರಿ ತಿಂದು ಮುಗಿಯಿತು. ಹದಿನಾರರ ಹೊತ್ತಿಗೆ ತಂದೆ, ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗಿಗೆ ಭಾಗವತದ ಸಾವಿರಾರು ಶ್ಲೋಕ ಬಾಯಿಗೆ ಬರುತ್ತಿದ್ದವು, ಹೊಟ್ಟೆ ಹೊರೆಯುವ ಕೆಲಸ ಮಾತ್ರ ಗೊತ್ತಿರಲಿಲ್ಲ. ಇದನ್ನು ಓದುವಾಗ ನನ್ನ ಕಪಾಟಿನ ಸಾಮಾನ್ಯ ಜ್ಞಾನದ ಪುಸ್ತಕಗಳ ಕಡೆ ಒಮ್ಮೆ ನೋಡಿದೆ.

ಮುಂದಿನದು ಬೇಗ ಬೇಗ ನಡೆಯುತ್ತದೆ. ಕಲ್ಕತ್ತೆಯಲ್ಲಿ ಪಂಡಿತಾ, ಸರಸ್ವತಿ ಎಂಬ ಬಿರುದು, ಬಂಗಾಳದ ವಕೀಲರೊಬ್ಬರ ಜೊತೆ ಮದುವೆ, ಮಗಳು ಮನೋರಮಾ, ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನ ಸಾವು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. ಅಮೆರಿಕದಲ್ಲಿ ಅವರ ಭಾಷಣ ಕೇಳಿದವರು ಸಂಘ ಕಟ್ಟಿ, ಹತ್ತು ವರ್ಷ ಹಣ ಕಳಿಸುವ ಮಾತು ಕೊಟ್ಟರು. ಅದನ್ನು ನೆಚ್ಚಿ ಶಾರದಾ ಸದನ ಶುರುವಾಯಿತು, ಮರುವರ್ಷ ಪುಣೆಗೆ ಹೋಯಿತು. 1893ರಲ್ಲಿ ಮತಾಂತರದ ವಿವಾದ ಎದ್ದು ಅಲ್ಲಿನ ದೊಡ್ಡ ಮನುಷ್ಯರು ಹಿಂದೆ ಸರಿದರು. ಆ ವಿವಾದದ ಸರಿತಪ್ಪು ಇಲ್ಲಿ ಬೇಡ, ಯಾವ ಧರ್ಮ ದೊಡ್ಡದು ಎಂಬ ಮಾತಂತೂ ಬೇಡವೇ ಬೇಡ.

ನನ್ನನ್ನು ಹಿಡಿದು ನಿಲ್ಲಿಸಿದ್ದು 1896–97ರ ಬರ. ಹಸಿವು ಏನೆಂದು ತಿಂದು ತಿಳಿದಿದ್ದ ಈ ಹೆಂಗಸು ಮಧ್ಯಪ್ರಾಂತ್ಯಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. ಅಮೆರಿಕದ ಹಣ ಬರುತ್ತಿದ್ದದ್ದು ಸದನದ ಮಕ್ಕಳಿಗೆ, ಅದಕ್ಕೂ ಹತ್ತು ವರ್ಷದ ಗಡುವು ಹತ್ತಿರ ಬಂದಿತ್ತು. ಹೊಸದಾಗಿ ಬಂದ ಈ ನೂರಾರು ಹೊಟ್ಟೆಗಳಿಗೆ ಯಾರ ಗ್ಯಾರಂಟಿಯೂ ಇರಲಿಲ್ಲ. ಲೆಕ್ಕ ಹಾಕಿದ್ದರೆ ಮೂವತ್ತು ಮಕ್ಕಳನ್ನೂ ತರುತ್ತಿರಲಿಲ್ಲ. ದೇವರ ಮೇಲೆ ಭಾರ ಹಾಕಿ ತಂದರು. ಭಾರ ಹಾಕಿ ಕೂರಲಿಲ್ಲ ಎಂಬುದನ್ನು ನಾನು ಎರಡು ಸಲ ಓದಿದೆ. ಪುಣೆಯ ಹತ್ತಿರ ಕೇಡಗಾಂವದ ಹೊಲದಲ್ಲಿ ಬಾವಿ ತೋಡಿಸಿದರು, ತೋಟ ಮಾಡಿಸಿದರು, ಮಗ್ಗ ಹಾಕಿಸಿದರು, ಎಣ್ಣೆಗಾಣ, ಅಚ್ಚುಕೂಟ ನಡೆಸಿದರು, ಆ ಹುಡುಗಿಯರ ಕೈಯಲ್ಲೇ ಎಲ್ಲ ಕೆಲಸ ಮಾಡಿಸಿದರು. ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಉಂಡು, ಕಲಿತು ಬದುಕಿದರು. ಕೊಪ್ಪಳ ಇನ್ನೂ ನಿಜಾಮರ ಸೀಮೆಯಲ್ಲಿದ್ದ ಕಾಲದಲ್ಲಿ, 1912–13ರ ಸುಮಾರಿಗೆ, ಅದೇ ಸೀಮೆಯ ಕಲಬುರಗಿಯಲ್ಲೂ ಅವರ ಶಾಲೆ ಶುರುವಾಯಿತು. ನೋಡಿಕೊಂಡವರು ಮಗಳು ಮನೋರಮಾ.

ಆ ಮಗಳು 1921ರಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ರಮಾಬಾಯಿಯೂ ಹೋದರು. ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ಮಾಡಿದ ಮರಾಠಿ ಬೈಬಲ್ ಅನುವಾದವನ್ನು ಮುಗಿಸಿಯೇ ಹೋದರು. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತೆ. ಇಷ್ಟು ನಂಬಿದವರಿಗೆ ದೇವರು ಮಗಳನ್ನು ಉಳಿಸಿಕೊಡಲಿಲ್ಲವಲ್ಲ. ಅದಕ್ಕೂ ಮೊದಲೇ ಅವರು ತಮ್ಮ ಬದುಕಿನ ಕಥೆ ಬರೆದಾಗ ಅದಕ್ಕೆ ಕೊಟ್ಟ ಹೆಸರಿನ ಅರ್ಥ 'ನಮ್ಮ ಅಕ್ಷಯ ನಿಧಿಯ ಸಾಕ್ಷಿ' ಎಂದು. ಮಾರಲು ಒಂದು ತಟ್ಟೆಯೂ ಉಳಿಯದ ಮನೆಯಲ್ಲಿ ಬೆಳೆದವರು ಇಟ್ಟ ಹೆಸರು ಅದು. ಹಾಗಾದರೆ ಅದು ನಾನಂದುಕೊಂಡಂಥ ಕೊಡು-ಕೊಳ್ಳುವ ವ್ಯವಹಾರವಲ್ಲ. ನನ್ನ ಭಯವೆಲ್ಲ ಒಂದೇ ಆಗಿತ್ತು, ಈ ನೌಕರಿ ಸಿಗದಿದ್ದರೆ ನಾನು ಏನೂ ಅಲ್ಲ ಎಂಬುದು. ಹನ್ನೆರಡು ಲಕ್ಷ ಕೇಳಿದವನು ಮಾರುತ್ತಿದ್ದದ್ದು ಹುದ್ದೆಯನ್ನಲ್ಲ. ಆ ಭಯಕ್ಕೇ ಬೆಲೆ ಕಟ್ಟಿದ್ದ.

ಊರಿಗೆ ಹೋಗಿ ಅಪ್ಪನಿಗೆ ಬೇಡವೆಂದೆ. ಅಪ್ಪ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಪಹಣಿಯನ್ನು ತಾನೇ ತಂದು ಬೈಬಲ್ಲಿನಲ್ಲಿಟ್ಟ. ಮತ್ತಾಯನಲ್ಲಿ ಅಲ್ಲ, ಎಲ್ಲಿ ತೆರೆಯಿತೋ ಅಲ್ಲಿ.

ಆ ವರ್ಷವೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು, ಗೇಟು ಕೊಚ್ಚಿಹೋಯಿತು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ನನ್ನ ಸೋದರಮಾವ ಲಾವಣಿಗೆ ಒಂದೆಕರೆ ಗದ್ದೆ ಹಿಡಿದು ಆಗಷ್ಟೇ ನಾಟಿ ಮುಗಿಸಿದ್ದ. ಬೆಳಿಗ್ಗೆ ಫೋನು ಮಾಡಿ, "ನೀರೆಲ್ಲಾ ಹೊಂಟೈತವ್ವಾ, ನಮ್ದು ಮುಗೀತು" ಎಂದ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಶ್ರೀಮಂತ ರೈತನ ಕಥೆ ನೆನಪಾಯಿತು. ಬೆಳೆ ಚೆನ್ನಾಗಿ ಬಂದು, ಹಳೆಯ ಕಣಜ ಕೆಡವಿ ದೊಡ್ಡ ಕಣಜ ಕಟ್ಟಿ, ಇನ್ನು ಬಹಳ ವರ್ಷ ಉಂಡು ಆರಾಮಾಗಿರೋಣವೆಂದು ಯೋಚಿಸಿದ ರಾತ್ರಿಯೇ ಸತ್ತುಹೋದವನ ಕಥೆ. ಆದರೆ ಅದನ್ನು ಮಾವನಿಗೆ ಹೇಳಲು ಬಾಯಿ ಬರಲಿಲ್ಲ. ಕಣಜವೇ ಇಲ್ಲದವನಿಗೆ ಆ ಕಥೆ ಹೇಳುವುದು ಕ್ರೂರ. ಮಾವನ ಸಭೆಯಲ್ಲಿ ಆ ವಾರವೆಲ್ಲ ಪ್ರಾರ್ಥನೆ ನಡೆಯಿತು, ಗುಡಿ, ಮಸೀದಿಗಳಲ್ಲೂ ನಡೆದಿರಬೇಕು. ಅತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿತು. ಆಮೇಲೆ ಮಳೆಯೂ ಬಂದು ಅಣೆಕಟ್ಟು ಮತ್ತೆ ತುಂಬಿತು. ಇದರಲ್ಲಿ ದೇವರದೆಷ್ಟು, ನಾಯ್ಡು ಅವರದೆಷ್ಟು ಎಂದು ಪಾಲು ಮಾಡಲು ಮಾವ ಹೋಗಲಿಲ್ಲ. ಇಬ್ಬರಿಗೂ ಕೈಮುಗಿದ.

ಇನ್ನು ನನ್ನ ಫಲಿತಾಂಶ ಹೇಳಿಬಿಡುತ್ತೇನೆ. ಹಣ ಕೊಡದೆ ಬರೆದ ಆ ಪರೀಕ್ಷೆಯಲ್ಲಿ ನಾನು ಆಯ್ಕೆಯಾಗಲಿಲ್ಲ. ಮೂರು ಅಂಕ ಕಡಿಮೆ ಬಿತ್ತು. ಓದುವ ಕೋಣೆಯ ಒಬ್ಬ ಗೆಳತಿಗೆ ನೌಕರಿ ಆಯಿತು. ಅವರ ಮನೆಯಲ್ಲಿ ಹೊಲ ಮಾರಿದರೆಂದು ಹೇಳುವವರಿದ್ದಾರೆ, ನಾನು ಕೇಳಲಿಲ್ಲ. ಅವಳು ಪೇಡಾ ತಂದು ಕೊಟ್ಟಾಗ ತಿಂದೆ, ಆ ರಾತ್ರಿ ಅತ್ತೆ. ಸಂಬಂಧಿಕರೊಬ್ಬರು, "ದೇವ್ರ ಮ್ಯಾಲೆ ಭಾರ ಹಾಕಿ ಏನ್ ಗಿಟ್ಟಿಸಿದ್ರಿ?" ಎಂದು ಅವ್ವನನ್ನು ಮದುವೆ ಮನೆಯಲ್ಲೇ ಕೇಳಿದರು. ಅವ್ವ, "ಹೊಲ ಐತಲ್ರೀ" ಎಂದಳಂತೆ. ಅವ್ವನ ಉತ್ತರಗಳು ಹೀಗೆಯೇ, ಆಧ್ಯಾತ್ಮ ಕಡಿಮೆ.

ಈಗ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ, ತಿಂಗಳಿಗೆ ಒಂಬತ್ತು ಸಾವಿರ. ಸಂಜೆ ಓದುತ್ತೇನೆ. ಸಾಲವಿಲ್ಲ. ಯಾರ ಫೋನು ಬಂದರೂ ಎದೆ ಹೊಡೆದುಕೊಳ್ಳುವುದಿಲ್ಲ. ವಯಸ್ಸಿನ ಮಿತಿಗೆ ಇನ್ನೂ ಕೆಲವು ವರ್ಷ ಇವೆ, ಅವುಗಳ ಲೆಕ್ಕ ಇಡುತ್ತೇನೆ. ಲೆಕ್ಕ ಬಿಟ್ಟಿದ್ದೇನೆ ಎಂದರೆ ಸುಳ್ಳಾಗುತ್ತದೆ.

ಬರುವ ರವಿವಾರ ಮತ್ತೊಂದು ಪರೀಕ್ಷೆ. ಆರಾಧನೆ ತಪ್ಪುತ್ತದೆಂದು ಹೇಳಿದರೆ ಅಯ್ಯನವರು ನಕ್ಕು, "ಬರದು ಬಾ ಮಗಳೇ, ನಾವು ಇಲ್ಲಿ ಇರ್ತೀವಿ" ಎಂದರು. ನಿನ್ನೆ ಹಾಲ್‌ಟಿಕೆಟ್ ಪ್ರಿಂಟ್ ತೆಗೆಸಿ ತಂದೆ. ಅವ್ವ ಅದನ್ನು ಬೈಬಲ್ಲಿನಲ್ಲಿ ಪಹಣಿಯ ಪಕ್ಕ ಇಟ್ಟು, ಸೆರಗು ತಲೆಗೆ ಹೊದ್ದು, "ಈ ಸಲ ಏನಂತ ಬೇಡ್ಲಿ?" ಎಂದಳು.

"ಪೇಪರ್ ಲೀಕ್ ಆಗದಂಗ ಬೇಡವ್ವಾ" ಎಂದೆ.

ಅವ್ವ ಕಣ್ಣು ಮುಚ್ಚಿದಳು.