ಕಾಯಿಹಾಲು ಕೆಡುವ ಬಗೆ

ಹಸುವಿನ ಹಾಲು ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಒಲೆಯೇ ಹೇಳಿಬಿಡುತ್ತದೆ. ಕಾಯಿಸಲು ಇಟ್ಟಾಗ ಒಡೆದರೆ ಕೆಟ್ಟಿದೆ, ಉಕ್ಕಿ ಬಂದರೆ ಚೆನ್ನಾಗಿದೆ. ತೆಂಗಿನಕಾಯಿ, ಕಡಲೆಕಾಯಿ, ಗಸಗಸೆ, ರಾಗಿ, ಸೋಯಾ, ಬಾದಾಮಿಗಳಿಂದ ತೆಗೆದ ಹಾಲಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಇವುಗಳಲ್ಲಿ ಒಡೆದ ಹಾಲು ಚೆನ್ನಾಗಿರಬಹುದು, ಒಡೆಯದ ಹಾಲು ಕೆಟ್ಟಿರಬಹುದು.

ಚನ್ನರಾಯನದುರ್ಗದ ಸುತ್ತಲಿನ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಗೆ ಇಂಥ ಹಾಲು ಹೊಸದಲ್ಲ. ಒತ್ತುಶಾವಿಗೆಗೆ ಬೆಲ್ಲ, ಏಲಕ್ಕಿ ಬೆರೆಸಿದ ಕಾಯಿಹಾಲು, ಹಬ್ಬದ ಗಸಗಸೆ ಪಾಯಸ, ರಾಗಿ ನೆನೆಸಿ ರುಬ್ಬಿ ಸೋಸಿ ಮಾಡುವ ಹಾಲುಬಾಯಿ ಎಲ್ಲವೂ ಹಳೆಯವೇ. ಹೊಸದಾಗಿ ಬಂದಿರುವುದು ಹಾಲನ್ನು ಎತ್ತಿಡುವ ರೂಢಿ. ರುಬ್ಬಿದ ಹಾಲು ಆ ಹೊತ್ತಿನ ಊಟಕ್ಕೇ ಮುಗಿಯುತ್ತಿದ್ದ ಕಾಲದಲ್ಲಿ ಅದು ಕೆಡುವ ಪ್ರಶ್ನೆಯೇ ಅಷ್ಟಾಗಿ ಏಳುತ್ತಿರಲಿಲ್ಲ. ಫ್ರಿಜ್ ಮತ್ತು ಅಂಗಡಿಯ ಪೊಟ್ಟಣ ಬಂದ ಮೇಲೆ ಎದ್ದಿದೆ.

ಒಡೆಯದ ಗಟ್ಟಿ ತೆಂಗಿನಕಾಯಿಯ ಒಳಗೆ ಸೂಕ್ಷ್ಮಜೀವಿಗಳು ಇಲ್ಲವೆನ್ನುವಷ್ಟು ಕಡಿಮೆ. ಅವು ಸೇರುವುದು ತುರಿಮಣೆಯಿಂದ, ಮಿಕ್ಸಿ ಜಾರಿನ ಬ್ಲೇಡಿನ ಸಂದಿಯಿಂದ, ನೀರಿನಿಂದ, ಹಿಂಡುವ ಕೈಯಿಂದ. ಎಲ್ಲಕ್ಕಿಂತ ಹೆಚ್ಚಾಗಿ ಸೋಸುವ ಬಟ್ಟೆಯಿಂದ. ಒದ್ದೆಯಾಗಿಯೇ ಮುದುರಿಟ್ಟ ಬಟ್ಟೆಯಲ್ಲಿ ಹಿಂದಿನ ಸಲದ ಹಾಲಿನಂಶ ಉಳಿದಿರುತ್ತದೆ. ಆ ಬಟ್ಟೆಯನ್ನು ಪ್ರತಿ ಸಲ ಕುದಿಸಿ ಬಿಸಿಲಿಗೆ ಹರವುವ ಮನೆಯಲ್ಲಿ ಹಾಲು ಹೆಚ್ಚು ಹೊತ್ತು ತಡೆಯುತ್ತದೆ.

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣಾಂಶ ಈ ಜೀವಿಗಳಿಗೆ ಹಿತ. ಅನುಕೂಲ ಒದಗಿದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆ ಲೆಕ್ಕದಲ್ಲಿ ಒಂದು ಜೀವಿ 6 ಗಂಟೆಯಲ್ಲಿ ಎರಡೂವರೆ ಲಕ್ಷ ದಾಟುತ್ತದೆ. ಆದ್ದರಿಂದ ಕಾಯಿಹಾಲು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಪಾವಗಡ, ಶಿರಾದ ಕಡುಬೇಸಿಗೆಯಲ್ಲಿ ಒಂದೇ ಗಂಟೆ. ಬೆಲ್ಲ ಬೆರೆಸಿದ ಹಾಲಿನಲ್ಲಿ ಯೀಸ್ಟ್ ಬೇಗ ಹುಳಿ ಎಬ್ಬಿಸುತ್ತದೆ. ಬೆಲ್ಲವನ್ನು ಬಡಿಸುವ ಹೊತ್ತಿಗೆ ಬೆರೆಸುವುದು ಮೇಲು.

ಕಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಕುದಿ ಬಹುಪಾಲು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಆದರೆ ಬ್ಯಾಸಿಲಸ್ ಜಾತಿಯವುಗಳ ಬೀಜಕಣ ಕುದಿಯಲ್ಲೂ ಬದುಕಿ, ಹಾಲು ಉಗುರುಬೆಚ್ಚಗಾದಾಗ ಮೊಳೆಯುತ್ತದೆ. ಕಾಯಿಸಿದ ರಾಗಿಹಾಲನ್ನೋ ಸೋಯಾ ಹಾಲನ್ನೋ ಒಲೆಯ ಪಕ್ಕದಲ್ಲೇ ಬಿಟ್ಟರೆ ಆಗುವುದು ಇದೇ. ಅಗಲವಾದ ಪಾತ್ರೆಗೆ ಸುರಿದು, ತಣ್ಣೀರಿನ ಬೋಗುಣಿಯಲ್ಲಿ ಇಟ್ಟು ಬೇಗ ಆರಿಸಿ ಫ್ರಿಜ್‌ಗೆ ಸೇರಿಸಬೇಕು.

ಫ್ರಿಜ್ಜಿನ ಬಾಗಿಲಿನ ಗೂಡು ಹಾಲಿಗೆ ತಕ್ಕ ಜಾಗವಲ್ಲ. ಬಾಗಿಲು ತೆಗೆದಾಗಲೆಲ್ಲ ಮೊದಲು ಬಿಸಿಯಾಗುವುದು ಅದೇ. ಒಳಗೆ, ಹಿಂಬದಿಯಲ್ಲಿ, 4 ಡಿಗ್ರಿ ಆಸುಪಾಸಿನಲ್ಲಿ ಮನೆಯ ಕಾಯಿಹಾಲು ಒಂದೆರಡು ದಿನ ಇರುತ್ತದೆ, ಕಾಯಿಸಿ ಆರಿಸಿದ ಸೋಯಾ ಅಥವಾ ಕಡಲೆಕಾಯಿ ಹಾಲು ಸುಮಾರು ಮೂರು ದಿನ. ಕರೆಂಟು ಹೋದರೆ, ಬಾಗಿಲು ತೆರೆಯದಿದ್ದಲ್ಲಿ ತಂಪು ನಾಲ್ಕು ಗಂಟೆಯವರೆಗೆ ನಿಲ್ಲುತ್ತದೆ. ಕಾಯಿಹಾಲನ್ನು ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಎರಡು ಮೂರು ತಿಂಗಳು ಇಡಬಹುದು. ಕರಗಿದಾಗ ನೀರು ಬೇರೆ, ಜಿಡ್ಡು ಬೇರೆ ಆಗುತ್ತದೆ. ಸಾಗುವಿಗೂ ಪಾಯಸಕ್ಕೂ ಅದರಿಂದ ಕೊರತೆಯೇನಿಲ್ಲ.

ಅಂಗಡಿಯ ರಟ್ಟಿನ ಪೊಟ್ಟಣದ ಹಾಲನ್ನು 135ರಿಂದ 140 ಡಿಗ್ರಿಗೆ ಕೆಲವೇ ಸೆಕೆಂಡು ಕಾಯಿಸಿ, ಕ್ರಿಮಿರಹಿತ ಪೊಟ್ಟಣಕ್ಕೆ ತುಂಬಿರುತ್ತಾರೆ. ತೆರೆಯುವವರೆಗೆ ಅದಕ್ಕೆ ಫ್ರಿಜ್ ಬೇಡ. ತೆರೆದ ಕ್ಷಣದಿಂದ ಅದು ಮನೆಯ ಹಾಲಿಗೆ ಸಮ. ಮೇಲೆ ಮುದ್ರಿಸಿದ ಕೊನೆಯ ದಿನಾಂಕ ತೆರೆಯದ ಪೊಟ್ಟಣಕ್ಕೆ ಸೇರಿದ್ದು, ತೆರೆದ ಮೇಲಿನ ಗಡುವನ್ನು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಈ ಎರಡನ್ನು ಬೆರೆಸಿಕೊಂಡು ಮೋಸಹೋಗುವವರೇ ಹೆಚ್ಚು. ತೆರೆದ ದಿನವನ್ನು ಪೆನ್ನಿನಿಂದ ಪೊಟ್ಟಣದ ಮೇಲೆ ಬರೆದಿಟ್ಟರೆ ಗೊಂದಲವಿಲ್ಲ. ಡಬ್ಬಿಯ ಕಾಯಿಹಾಲು ಮಿಕ್ಕಿದರೆ ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಬಗ್ಗಿಸಬೇಕು.

ಇನ್ನು ಗುರುತುಗಳು. ಕಾಯಿಹಾಲಿನ ಮೇಲೆ ಕೆನೆಯಂತೆ ಜಿಡ್ಡು ನಿಲ್ಲುವುದು, ಫ್ರಿಜ್ಜಿನಲ್ಲಿ ಅದು ಗಟ್ಟಿಯಾಗುವುದು ಸಹಜ. ತೆಂಗಿನ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ರಾಗಿಹಾಲಿನ ಪಿಷ್ಟ ತಳಕ್ಕಿಳಿಯುವುದೂ ಸಹಜ. ಸೋಯಾ ಹಾಲು ಬಿಸಿ ಕಾಫಿಯಲ್ಲಿ ಒಡೆದರೆ ಅದು ಕಾಫಿಯ ಹುಳಿಯ ಕೆಲಸ. ದ್ರವದ ಪಿಎಚ್ 4.5ರ ಹತ್ತಿರ ಬಂದಾಗ ಸೋಯಾ, ಕಡಲೆಕಾಯಿಗಳ ಪ್ರೋಟೀನು ಕೂಡಿಕೊಂಡು ತಳ ಸೇರುತ್ತದೆ. ಎಣ್ಣೆ ತೆಗೆದ ಕಡಲೆಕಾಯಿಯಿಂದ ಪ್ರೋಟೀನನ್ನು ಬೇರ್ಪಡಿಸುವ ಕ್ರಮವೂ ಈ ಗುಣವನ್ನೇ ನಂಬಿದೆ. 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥ ಪ್ರೋಟೀನನ್ನು ಪ್ರಾಣಿಜನ್ಯ ಹಾಲಿಗೆ ಕೂಡಿಸಿ ‘ಮಿಲ್ಟೋನ್’ ಎಂಬ ಪಾನೀಯ ರೂಪಿಸಿತು. 1970ರ ದಶಕದಲ್ಲಿ ಅದು ಬೆಂಗಳೂರಿನ ಡೇರಿಯಲ್ಲಿ ತಯಾರಾಯಿತು. ಹಾಲಿನ ಕೊರತೆಯಿದ್ದ ದಿನಗಳಲ್ಲಿ ಬಯಲುಸೀಮೆಯ ಬೆಳೆಯೊಂದನ್ನು ಮಕ್ಕಳ ಲೋಟಕ್ಕೆ ತಂದ ಆ ಪ್ರಯತ್ನ ನೆನೆಯುವಂಥದ್ದು.

ನಿಜವಾಗಿ ಕೆಟ್ಟದ್ದನ್ನು ಮೂಗು ಮೊದಲು ಹಿಡಿಯುತ್ತದೆ. ಹಳಸಲು ವಾಸನೆ, ಹೆಂಡದಂಥ ಹುಳಿ, ಮುಗ್ಗಲು. ಕಾಯಿಹಾಲಿಗೆ ಇನ್ನೊಂದು ವಿಶೇಷ ಗುರುತಿದೆ: ಸೋಪಿನ ವಾಸನೆ. ತೆಂಗಿನ ಜಿಡ್ಡು ಸೀಳಿ ಲಾರಿಕ್ ಆಮ್ಲ ಬಿಡುಗಡೆಯಾದಾಗ ಅದು ಬರುತ್ತದೆ. ಚಮಚದಲ್ಲಿ ಎತ್ತಿದಾಗ ಲೋಳೆಯಂತೆ ಎಳೆ ಬಂದರೆ, ಮುಚ್ಚಳ ತೆಗೆದಾಗ ಗಾಳಿ ಬುಸ್ಸೆಂದರೆ, ಗುಲಾಬಿ ಅಥವಾ ಬೂದು ಛಾಯೆ ಕಂಡರೆ ಹಾಲು ಕೆಟ್ಟಿದೆ. ಉಬ್ಬಿದ ಪೊಟ್ಟಣವನ್ನೂ ಡಬ್ಬಿಯನ್ನೂ ತೆರೆಯದೆಯೇ ಎಸೆಯಬೇಕು. ರುಚಿ ನೋಡಿ ತೀರ್ಮಾನಿಸುವ ಅಭ್ಯಾಸ ಇಲ್ಲಿ ಅಪಾಯಕಾರಿ.

ಕಡಲೆಕಾಯಿ ಹಾಲಿನದು ಬೇರೆ ಕತೆ. ಅದು ಹಾಲಾಗುವ ಮೊದಲೇ ಕೆಟ್ಟಿರಬಹುದು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಮಣ್ಣು ಕಾದರೆ, ಇಲ್ಲವೇ ಕಿತ್ತ ಕಾಯಿ ಸರಿಯಾಗಿ ಒಣಗದಿದ್ದರೆ, ಆಸ್ಪರ್ಜಿಲಸ್ ಎಂಬ ಬೂಷ್ಟು ಸೇರಿ ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯ ಜಾಡು ಹಿಡಿದು ಈ ವಿಷವನ್ನು ಪತ್ತೆಹಚ್ಚಿದರು. ಇದು ಯಕೃತ್ತಿಗೆ ಕೇಡು, ಅಡುಗೆಯ ಕುದಿಗೆ ಅಳಿಯುವುದಿಲ್ಲ. ಸುಕ್ಕಿದ, ಬಣ್ಣ ಕೆಟ್ಟ, ಬೂಷ್ಟು ಹಿಡಿದ ಬೀಜಗಳನ್ನು ನೆನೆಹಾಕುವ ಮೊದಲೇ ಆರಿಸಿ ತೆಗೆಯಬೇಕು.

ಮೂಗಿಗೂ ಕಣ್ಣಿಗೂ ಸಿಗದ ಕೇಡೂ ಉಂಟು. 2024ರ ಜುಲೈಯಲ್ಲಿ ಕೆನಡಾದಲ್ಲಿ ಬಾದಾಮಿ, ಓಟ್ಸ್, ತೆಂಗಿನ ಹಾಲಿನ ಕೆಲವು ಪೊಟ್ಟಣಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಅವುಗಳಲ್ಲಿದ್ದ ಲಿಸ್ಟೀರಿಯಾ ಬ್ಯಾಕ್ಟೀರಿಯಾದಿಂದ 20 ಮಂದಿ ಕಾಯಿಲೆ ಬಿದ್ದು, ಮೂವರು ತೀರಿಕೊಂಡರು. ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಹಾಲಿನ ವಾಸನೆ ಬದಲಿಸುವುದಿಲ್ಲ. ಬಸುರಿಯರಿಗೆ, ಹಸುಗೂಸುಗಳಿಗೆ, ವಯಸ್ಸಾದವರಿಗೆ ಇದು ಹೆಚ್ಚು ಅಪಾಯ. ಅವರಿಗೆ ಕೊಡುವ ಹಾಲಿನಲ್ಲಿ ವಾಸನೆಯನ್ನು ನಂಬುವುದಕ್ಕಿಂತ ದಿನದ ಲೆಕ್ಕವನ್ನು ನಂಬಬೇಕು. ಮಗುವಿನ ಬಟ್ಟಲಲ್ಲಿ ಮಿಕ್ಕಿದ್ದನ್ನು ಮತ್ತೆ ಎತ್ತಿಡಲೇಬಾರದು.

ಕೆಟ್ಟ ಹಾಲು ಚೆಲ್ಲಿದ ಮೇಲೆ ಬಾಟಲಿಯ ಮುಚ್ಚಳದ ರಬ್ಬರ್ ಬಳೆಯನ್ನು ಬಿಚ್ಚಿ ಸೋಪಿನಿಂದ ಉಜ್ಜಿ, ಕುದಿನೀರಿನಲ್ಲಿ ಅದ್ದಿ ಒಣಗಿಸಬೇಕು. ಅದರ ಅಡಿ ಅಂಟಿದ ಜಿಡ್ಡು ಉಳಿದರೆ ಮರುದಿನದ ಹೊಸ ಹಾಲೂ ಸಂಜೆಯೊಳಗೆ ಹುಳಿಯುತ್ತದೆ.