ಯಂತ್ರಭೇದವೂ ವಿಮರ್ಶೆಯೂ: ಟೆಟ್ರಿಸ್ ಆಟವನ್ನು ಕುರಿತು

ಶಹಾಪುರದ ಬೆಟ್ಟಗಳ ಸಾಲು ಒಂದು ನೆಲೆಯಿಂದ ನೋಡಿದವರಿಗೆ ಮಲಗಿದ ಬುದ್ಧನಂತೆ ತೋರುವುದು. ನೆಲೆ ಬದಲಾದೊಡನೆ ಆಕೃತಿ ಕದಡಿ ಬರಿಯ ಬಂಡೆಗಳು ಉಳಿಯುವುವು. ಬೆಟ್ಟವನ್ನು ವರ್ಣಿಸುವವನು ತಾನು ನಿಂತ ಸ್ಥಳವನ್ನು ಹೇಳದಿದ್ದರೆ ಅವನ ವರ್ಣನೆ ಅಪೂರ್ಣವೆನಿಸುತ್ತದೆ. ಇದೇ ಮಾತು ಹಳೆಯ ಗಣಕಯಂತ್ರದ ಒಗಟಿನಾಟಗಳ ವಿಮರ್ಶೆಗೂ ಸಲ್ಲುವುದೆಂಬುದನ್ನು ಟೆಟ್ರಿಸ್ ಆಟದ ನಿದರ್ಶನದಿಂದ ವಿವರಿಸಲು ಇಲ್ಲಿ ಯತ್ನಿಸುತ್ತೇವೆ.

ಈ ಆಟವನ್ನು ಅಲೆಕ್ಸಿ ಪಜಿತ್ನೋವ್ ಎಂಬವರು 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕಕೇಂದ್ರದಲ್ಲಿ ರಚಿಸಿದರು. ಅವರು ಬಳಸಿದ ಇಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯಿರಲಿಲ್ಲ; ಆದುದರಿಂದ ಆವರಣಚಿಹ್ನೆಗಳನ್ನೇ ಜೋಡಿಸಿ ತುಂಡುಗಳನ್ನು ತೋರಿಸಿದರು. ನಾಲ್ಕು ನಾಲ್ಕು ಚೌಕಗಳಿಂದಾದ 7 ಬಗೆಯ ತುಂಡುಗಳು ಮೇಲಿನಿಂದ ಇಳಿಯುತ್ತವೆ; ಅವನ್ನು ತಿರುಗಿಸಿ, ಸರಿಸಿ, ಅಡ್ಡಸಾಲನ್ನು ತುಂಬಿದರೆ ಆ ಸಾಲು ಅಳಿಯುತ್ತದೆ. ನಿಯಮವಿಷ್ಟೇ.

ನಿಯಮವು ಒಂದೇ ಆಗಿರುವಾಗ ಯಂತ್ರ ಯಾವುದಾದರೇನೆಂದು ಕೆಲವರು ಕೇಳಬಹುದು. ಚೌಕಾಬಾರದ ಮನೆಯನ್ನು ನೆಲದ ಮೇಲೆ ಬರೆದರೂ ಹಲಗೆಯ ಮೇಲೆ ಬರೆದರೂ ಆಟ ಬೇರೆಯಾಗದಷ್ಟೆ. ಆದರೆ ಇಲ್ಲಿ ಯಂತ್ರವು ಕೇವಲ ಹಲಗೆಯಲ್ಲ. 1989ರಲ್ಲಿ ಬಂದ ಗೇಮ್ ಬಾಯ್ ಎಂಬ ಕೈಯಂತ್ರದಲ್ಲಿ ಆಟದ ಅಂಗಳ 18 ಸಾಲುಗಳದು. ಅದೇ ನಿಂಟೆಂಡೊ ಸಂಸ್ಥೆಯ ಮನೆಯಂತ್ರದಲ್ಲಿ 20 ಸಾಲುಗಳದು. ಎರಡು ಸಾಲು ಕಡಮೆಯಾದರೆ ತಪ್ಪು ತಿದ್ದಿಕೊಳ್ಳುವ ಅವಕಾಶವೂ ಅಷ್ಟು ಕಡಮೆ. ಕೈಯಂತ್ರದ ಪರದೆ ಬಣ್ಣವಿಲ್ಲದ್ದು, ಮಸುಕಾದದ್ದು. ವೇಗವಾಗಿ ಚಲಿಸುವ ಚಿತ್ರಗಳಿಗೆ ಅದು ದೋಷವೇ. ಸರಳವಾದ ತುಂಡುಗಳ ಈ ಆಟಕ್ಕೆ ಮಾತ್ರ ಅಡ್ಡಿಯಾಗಲಿಲ್ಲ. ಪ್ರಯಾಣದ ನಡುವೆಯೂ ಆಡಬಹುದಾದುದರಿಂದ ಆ ಯಂತ್ರವೂ ಈ ಆಟವೂ ಒಂದಕ್ಕೊಂದು ಹೇಳಿಮಾಡಿಸಿದಂತಿವೆಯೆಂಬ ಪ್ರಶಂಸೆ ಬಂದಿತು.

ಒಂದೇ ಮನೆಯಂತ್ರದಲ್ಲಿಯೂ ತೀರ್ಪು ಎರಡಾದ ಪ್ರಸಂಗವುಂಟು. 1989ರಲ್ಲಿ ಟೆಂಜೆನ್ ಸಂಸ್ಥೆ ಹೊರತಂದ ಪಾಠದಲ್ಲಿ ಇಬ್ಬರು ಏಕಕಾಲಕ್ಕೆ ಆಡಬಹುದಾಗಿತ್ತು. ಹಕ್ಕಿನ ವ್ಯಾಜ್ಯದಲ್ಲಿ ಅಮೆರಿಕದ ನ್ಯಾಯಾಲಯವು ಅದರ ಮಾರಾಟವನ್ನು ತಡೆಯಿತು. ಅನಂತರ ಬಂದ ನಿಂಟೆಂಡೊ ಪಾಠದಲ್ಲಿ ಆ ಸೌಲಭ್ಯವಿಲ್ಲದ್ದರಿಂದ, ನಿಷೇಧಿತ ಪಾಠವೇ ಉತ್ತಮವೆಂದು ಹಲವರು ಎಣಿಸಿದರು.

ಮೊದಲ ತೀರ್ಪೇ ಕಡೆಯದೂ ಅಲ್ಲ. ನಿಂಟೆಂಡೊ ಪಾಠದ 29ನೆಯ ಹಂತದ ವೇಗವನ್ನು ಮನುಷ್ಯನು ಮೀರಲಾರನೆಂದು ಬಹುಕಾಲ ನಂಬಲಾಗಿತ್ತು. ಗುಂಡಿ ಒತ್ತುವ ಹೊಸ ಕೈಚಳಕಗಳು ಬಂದ ಮೇಲೆ ಆ ನಂಬಿಕೆ ಕುಸಿಯಿತು. 2023ರ ಡಿಸೆಂಬರಿನಲ್ಲಿ 13 ವರ್ಷದ ಅಮೆರಿಕದ ಬಾಲಕನೊಬ್ಬನು 157ನೆಯ ಹಂತವನ್ನು ಮುಟ್ಟಿದಾಗ ಆಟವೇ ಸ್ತಬ್ಧವಾಯಿತು. ಸೋತದ್ದು ಆಟಗಾರನಲ್ಲ, ಯಂತ್ರದ ಲೆಕ್ಕ.

ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ವಿದ್ಯಾರ್ಥಿಗಳು ಇಂಥ ಆಟಗಳನ್ನು ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿ ಅರಿತವರು. ಅವರ ಅಭಿಪ್ರಾಯ ಹಗುರವಾದುದೆಂದು ನಾವು ಹೇಳುವುದಿಲ್ಲ. ಅದು ಆ ಗಾಜಿನ ಮೇಲಿನ ಆಟದ ಅಭಿಪ್ರಾಯವೆಂಬುದನ್ನು ಅವರು ಮರೆಯಬಾರದೆನ್ನುತ್ತೇವೆ. ಕಾವ್ಯವನ್ನು ಗಮಕಿಯ ಕಂಠದಲ್ಲಿ ಕೇಳಿದವನೂ ಪಠ್ಯಪುಸ್ತಕದ ಆಯ್ದ ಭಾಗವನ್ನಷ್ಟೇ ಓದಿದವನೂ ಒಂದೇ ಹೆಸರಿನ ಕೃತಿಯನ್ನು ಕುರಿತು ವಾದಿಸುವಾಗ ಆಗುವ ಗೊಂದಲವನ್ನು ಅಧ್ಯಾಪಕರು ಬಲ್ಲರು. ಯಾವ ಪಾಠ, ಯಾವ ಮಾಧ್ಯಮ ಎಂಬುದನ್ನು ಮೊದಲು ಹೇಳಿ ಬಳಿಕ ಗುಣದೋಷಗಳನ್ನು ಎಣಿಸುವುದು ವಿಮರ್ಶಕನ ಪ್ರಥಮ ಕರ್ತವ್ಯವೆಂದು ನಮ್ಮ ಮತ.